ದಿನಾಂಕವಿಲ್ಲದ ಗಾಯ: ದುಡಿದು ಸವೆದ ಕೈಗೆ ಪರಿಹಾರ ಸಿಗುವುದು ಏಕೆ ಕಷ್ಟ?

ಕೆಲಸದಲ್ಲಿ ಪೆಟ್ಟಾದವರು ಪರಿಹಾರ ಕೇಳಿ ಸಲ್ಲಿಸುವ ಅರ್ಜಿಯ ಮೊದಲ ಪುಟದಲ್ಲೇ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತದೆ. ಗಾಯವಾದದ್ದು ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಆಗ ಹತ್ತಿರದಲ್ಲಿ ಇದ್ದವರು ಯಾರು? ಏಣಿಯಿಂದ ಬಿದ್ದವರಿಗೆ, ಯಂತ್ರಕ್ಕೆ ಬೆರಳು ಸಿಕ್ಕಿದವರಿಗೆ ಇದಕ್ಕೆ ಉತ್ತರ ಬರೆಯುವುದು ಕಷ್ಟವಲ್ಲ. ಹತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಪೆಟ್ಟಿಗೆಗಳಿಗೆ ಅಂಟುಪಟ್ಟಿ ಎಳೆದ ಹೆಂಗಸಿಗೆ, ದಿನವಿಡೀ ಕೀಬೋರ್ಡ್ ಒತ್ತಿದ ಗುಮಾಸ್ತನಿಗೆ, ಮಾಂಸ ಕತ್ತರಿಸುವ ಸಾಲಿನಲ್ಲಿ ನಿಂತು ಒಂದೇ ಕೋನದಲ್ಲಿ ಚಾಕು ಎಳೆದವನಿಗೆ ಆ ಖಾನೆಯಲ್ಲಿ ಬರೆಯಲು ಏನೂ ತೋಚುವುದಿಲ್ಲ. ಅವರ ಕೈ ಕೆಟ್ಟದ್ದು ಒಂದು ದಿನದಲ್ಲಿ ಅಲ್ಲ. ಕೆಟ್ಟಿದೆ ಎಂದು ಅರಿವಾದದ್ದು ಮಾತ್ರ ಒಂದು ದಿನ, ಅದೂ ಎಷ್ಟೋ ಸಲ ಕೆಲಸದ ಜಾಗದಲ್ಲಲ್ಲ, ನಡುರಾತ್ರಿ ಹಾಸಿಗೆಯಲ್ಲಿ.

ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ ಸ್ನಾಯು, ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಮತ್ತು ನರಗಳಿಗೆ ಆಗುವ ಹಾನಿಗೆ ಪುನರಾವರ್ತಿತ ಒತ್ತಡದ ಗಾಯ ಎಂಬ ಒಟ್ಟು ಹೆಸರಿದೆ. ಆರ್‌ಎಸ್‌ಐ ಎಂಬ ಚುಟುಕು ಹೆಸರೂ ಬಳಕೆಯಲ್ಲಿದೆ. ಇದು ಒಂದು ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳನ್ನು ಕಟ್ಟಿಟ್ಟ ಗಂಟು. ಈ ಗಾಯಗಳಿಗೆ ಪರಿಹಾರ ಸಿಗದಿರುವುದಕ್ಕೆ ವೈದ್ಯರ ಅನುಮಾನ, ವಿಮಾ ಸಂಸ್ಥೆಗಳ ಜಿಪುಣತನ, ಕಾರ್ಮಿಕರ ಹಿಂಜರಿಕೆ ಎಂದು ನಾನಾ ಕಾರಣಗಳನ್ನು ಹೇಳುವುದುಂಟು. ಅವೆಲ್ಲವೂ ನಿಜ. ಆದರೆ ಅವುಗಳ ಬುಡದಲ್ಲಿರುವುದು ಒಂದೇ ಸಂಗತಿ ಎಂಬುದು ನನ್ನ ಅಭಿಪ್ರಾಯ. ಪರಿಹಾರದ ಕಾನೂನು ಹುಟ್ಟಿದ್ದೇ ಅಪಘಾತಕ್ಕಾಗಿ. ಅಪಘಾತಕ್ಕೆ ಒಂದು ಗಳಿಗೆ ಇರುತ್ತದೆ, ಈ ಗಾಯಕ್ಕೆ ಅಂಥ ಗಳಿಗೆ ಇರುವುದಿಲ್ಲ. ಆ ಗಳಿಗೆಯನ್ನು ಹುಡುಕಿ ತೋರಿಸುವ ಹೊರೆ ಮಾತ್ರ ನೋಯುತ್ತಿರುವವರ ಮೇಲೆಯೇ ಬಿದ್ದಿದೆ.

ಸರಕು ಕಟ್ಟುವ ಒಂದು ಮೇಜನ್ನು ಹತ್ತಿರದಿಂದ ನೋಡಿ. ಎಡಗೈ ವಸ್ತುವನ್ನು ಎತ್ತುತ್ತದೆ. ಬಲಗೈಯಲ್ಲಿರುವ ಸ್ಕ್ಯಾನರಿನ ಗುಂಡಿಯನ್ನು ಹೆಬ್ಬೆರಳು ಒತ್ತುತ್ತದೆ, ಬಾರ್‌ಕೋಡ್ ಎದುರಾಗುವಂತೆ ಮಣಿಕಟ್ಟು ಹೊರಳುತ್ತದೆ, ವಸ್ತು ಪೆಟ್ಟಿಗೆಗೆ ಬೀಳುತ್ತದೆ, ಅಂಟುಪಟ್ಟಿ ಎಳೆದು ಹರಿದು ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಬೇಕು. ಇಷ್ಟಕ್ಕೆ ಹತ್ತು ಸೆಕೆಂಡು ಎಂದುಕೊಂಡರೆ ಗಂಟೆಗೆ 360 ಸಲವಾಯಿತು. ಬಿಡುವು ಕಳೆದು ಏಳು ಗಂಟೆ ದುಡಿದರೆ ದಿನಕ್ಕೆ 2,520 ಸಲ, ವರ್ಷದಲ್ಲಿ 250 ದಿನ ದುಡಿದರೆ 6,30,000 ಸಲ. ಇದರಲ್ಲಿ ಯಾವುದೇ ಒಂದು ಸಲವನ್ನು ಆರಿಸಿ ನೋಡಿದರೂ ಅದರಲ್ಲಿ ಗಾಯ ಕಾಣುವುದಿಲ್ಲ, ಮಗುವೂ ಮಾಡಬಹುದಾದಷ್ಟು ಹಗುರವಾದ ಕೆಲಸ ಅದು. ಗಾಯ ಇರುವುದು ಒಂದು ಸಲಕ್ಕೂ ಮುಂದಿನ ಸಲಕ್ಕೂ ನಡುವೆ ಸಿಗದೇ ಹೋದ ಬಿಡುವಿನಲ್ಲಿ.

ಕೈಯೊಳಗೆ ನಡೆಯುವುದೇನು?

ಮಣಿಕಟ್ಟಿನ ಒಳಭಾಗದಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ನಿಂತಿವೆ; ಅದರ ಮೇಲೆ ಗಟ್ಟಿಯಾದ ಒಂದು ಪಟ್ಟಿ ಚಾವಣಿಯಂತೆ ಹಾಸಿದೆ. ಈ ಕಿರಿದಾದ ಸುರಂಗದಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಒತ್ತೊತ್ತಾಗಿ ಹಾದುಹೋಗುತ್ತವೆ. ರಜ್ಜುಗಳ ಸುತ್ತಲಿನ ಪೊರೆ ಸ್ವಲ್ಪ ದಪ್ಪವಾದರೂ ಹಿಗ್ಗಲು ಜಾಗವಿಲ್ಲ, ಆದ್ದರಿಂದ ಎಲ್ಲಕ್ಕಿಂತ ಮೃದುವಾದ ನರ ಹಿಸುಕಲ್ಪಡುತ್ತದೆ. 1981ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಸಣ್ಣ ನಳಿಕೆ ಇಳಿಸಿ ಈ ಸುರಂಗದೊಳಗಿನ ಒತ್ತಡವನ್ನು ಅಳೆದಾಗ, ಆರೋಗ್ಯವಂತರಲ್ಲಿ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟಿದ್ದ ಒತ್ತಡ ರೋಗಿಗಳಲ್ಲಿ 32 ಇತ್ತು. ಇನ್ನೂ ಮುಖ್ಯವಾದದ್ದು, ಆರೋಗ್ಯವಂತರೇ ಮಣಿಕಟ್ಟನ್ನು ಪೂರ್ತಿ ಬಾಗಿಸಿದಾಗ ಅವರ ಒತ್ತಡವೂ 30ರ ಆಸುಪಾಸಿಗೆ ಏರಿತು. ಅಂದರೆ ಬಾಗಿದ ಮಣಿಕಟ್ಟಿನಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವವರು, ರೋಗಿಗಳ ಕೈಯೊಳಗೆ ಇರುವಷ್ಟೇ ಒತ್ತಡವನ್ನು ದಿನವೂ ತಮ್ಮ ನರದ ಮೇಲೆ ಹೊರುತ್ತಾರೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಕರೆಯುವುದು ಇದನ್ನೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಬೇರೆ ನರ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ರೋಗಿ ರಾತ್ರಿ ಎದ್ದು ಕುಳಿತು, ಒದ್ದೆ ಕೈಯಿಂದ ನೀರು ಕೊಡವುವಂತೆ ಕೈಯನ್ನು ಜಾಡಿಸುತ್ತಾನೆ. ವೈದ್ಯರು ಈ ಜಾಡಿಸುವ ಅಭ್ಯಾಸವನ್ನೇ ಕಾಯಿಲೆಯ ಒಂದು ಗುರುತಾಗಿ ಕೇಳಿ ತಿಳಿಯುತ್ತಾರೆ.

ಹೆಬ್ಬೆರಳ ಬುಡದಲ್ಲಿ ಬರುವ ನೋವಿಗೆ, ಅದನ್ನು 1895ರಲ್ಲಿ ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಕ ಫ್ರಿಟ್ಜ್ ಡಿ ಕ್ವೆರ್ವೆನ್ ಅವರ ಹೆಸರೇ ಉಳಿದಿದೆ. ಮೊಣಕೈಯ ಹೊರಬದಿಯ ನೋವು, ಭುಜದ ರಜ್ಜುಗಳ ಸವೆತ, ಬೆರಳು ಮಡಿಸಿದಲ್ಲೇ ಸಿಕ್ಕಿಕೊಳ್ಳುವ ತೊಂದರೆ, ಇವೂ ಇದೇ ಗಂಟಿಗೆ ಸೇರಿದವು. ಇವುಗಳಲ್ಲಿ ಹಲವನ್ನು ಹಿಂದೆ ಬರೀ ಉರಿಯೂತ ಎಂದು ತಿಳಿಯಲಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಬೇರೆ. ರಜ್ಜುವಿನ ಎಳೆಗಳು ಜೋಡಣೆ ತಪ್ಪಿ, ಹಳೆಯ ಹಗ್ಗದಂತೆ ಬಿಚ್ಚಿಕೊಂಡಿರುತ್ತವೆ. ದೇಹ ರಿಪೇರಿ ಮಾಡುವ ವೇಗಕ್ಕಿಂತ ಸವೆತದ ವೇಗ ಹೆಚ್ಚಾದಾಗ ಆಗುವ ಸ್ಥಿತಿ ಇದು. ಒಂದೆರಡು ದಿನದ ರಜೆ, ನೋವಿನ ಮಾತ್ರೆಗಳಿಂದ ಇದು ಏಕೆ ವಾಸಿಯಾಗುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ.

ಯಾವ ಕೆಲಸ ಅಪಾಯ ಎಂಬ ಪ್ರಶ್ನೆಗೆ ಇಂದಿಗೂ ಆಧಾರವಾಗಿರುವ ಅಧ್ಯಯನಗಳು ಅಮೆರಿಕದ ಕಾರ್ಖಾನೆಗಳಲ್ಲಿ 1980ರ ದಶಕದಲ್ಲಿ ನಡೆದವು. ಒಂದು ಸುತ್ತು ಮುಗಿಯಲು 30 ಸೆಕೆಂಡಿಗಿಂತ ಕಡಿಮೆ ಹಿಡಿಯುವ ಕೆಲಸವನ್ನು ಅತಿ ಪುನರಾವರ್ತನೆಯ ಕೆಲಸ ಎಂದು ಅವು ಗುರುತಿಸಿದವು. ಬಲ ಹೆಚ್ಚಿದ್ದು ಪುನರಾವರ್ತನೆ ಕಡಿಮೆ ಇದ್ದರೆ ಅಪಾಯ ಒಂದಷ್ಟು ಏರುತ್ತದೆ, ಪುನರಾವರ್ತನೆ ಹೆಚ್ಚಿದ್ದು ಬಲ ಕಡಿಮೆ ಇದ್ದರೂ ಒಂದಷ್ಟು ಏರುತ್ತದೆ. ಎರಡೂ ಜೊತೆಯಾದಾಗ ಮಾತ್ರ ಅದು ಕೂಡಿದಂತೆ ಏರುವುದಿಲ್ಲ, ಗುಣಿಸಿದಂತೆ ಏರುತ್ತದೆ. ನಡುಗುವ ಯಂತ್ರ, ತಣ್ಣಗಿನ ಕೋಣೆ, ಬಾಗಿದ ಮಣಿಕಟ್ಟು ಸೇರಿದರೆ ಇನ್ನಷ್ಟು. ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ ಒಂದು ಮಾತಿದೆ. ಕಾರ್ಪಲ್ ಟನಲ್ ತೊಂದರೆಯ ಮಟ್ಟಿಗೆ, ಬಲ ಹಾಕಿ ಮಾಡುವ ಕೈಗೆಲಸದ ವಿರುದ್ಧ ಇರುವಷ್ಟು ಗಟ್ಟಿ ಪುರಾವೆ ಬರೀ ಕೀಬೋರ್ಡ್ ಬಳಕೆಯ ವಿರುದ್ಧ ಇಲ್ಲ. ಜನರ ಮನಸ್ಸಿನಲ್ಲಿ ಈ ಕಾಯಿಲೆ ಕಂಪ್ಯೂಟರ್ ಮುಂದೆ ಕೂತವರದ್ದಾಗಿ ಉಳಿದಿರುವುದರಿಂದ, ಮೀನು ಹೆರೆಯುವವರ, ಹೊಲಿಗೆ ಯಂತ್ರದವರ, ಬಿಡಿಭಾಗ ಜೋಡಿಸುವವರ ಕೈಗಳು ಚರ್ಚೆಯಿಂದಲೇ ಮರೆಯಾಗಿವೆ.

ಮುನ್ನೂರು ವರ್ಷಗಳ ಹಳೆಯ ದೂರು

ಇದು ಕಂಪ್ಯೂಟರ್ ಯುಗದ ಹೊಸ ಕಾಯಿಲೆ ಎನ್ನುವವರು ಬರ್ನಾರ್ಡಿನೊ ರಾಮಜಿನಿಯವರನ್ನು ಓದಬೇಕು. ಇಟಲಿಯ ಈ ವೈದ್ಯರು ದುಡಿಯುವವರ ಕಾಯಿಲೆಗಳ ಬಗ್ಗೆ 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥ ಪ್ರಕಟಿಸಿದರು. 1713ರಲ್ಲಿ ಅದನ್ನು ವಿಸ್ತರಿಸಿ ಲಿಪಿಕಾರರ ಮತ್ತು ಗುಮಾಸ್ತರ ಬಗ್ಗೆ ಒಂದು ಅಧ್ಯಾಯ ಸೇರಿಸಿದರು. ಗುಮಾಸ್ತರ ಕಾಯಿಲೆಗೆ ರಾಮಜಿನಿ ಕೊಟ್ಟ ಕಾರಣಗಳು ಮೂರು: ಸದಾ ಕೂತಿರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ದಿಕ್ಕಿನಲ್ಲಿ ಆಡಿಸುವುದು, ಲೆಕ್ಕದಲ್ಲಿ ತಪ್ಪಾಗಿ ಯಜಮಾನನಿಗೆ ನಷ್ಟವಾದೀತೆಂಬ ಮನಸ್ಸಿನ ಬಿಗಿತ. ತಮಗೆ ಪರಿಚಯವಿದ್ದ ಒಬ್ಬ ಬರಹಗಾರ ಗುಮಾಸ್ತನ ವಿಷಯವನ್ನೂ ಅವರು ಬರೆದಿದ್ದಾರೆ. ಅವನ ಬಲಗೈ ಮೊದಲು ದಣಿಯಿತು, ಆಮೇಲೆ ಪೂರ್ತಿ ಸೋತಿತು. ಅವನು ಎಡಗೈಯಲ್ಲಿ ಬರೆಯುವುದನ್ನು ಕಲಿತ. ಸ್ವಲ್ಪ ಕಾಲಕ್ಕೆ ಎಡಗೈಗೂ ಅದೇ ಗತಿಯಾಯಿತು. ಮೂರು ಶತಮಾನಗಳ ನಂತರವೂ ಈ ವಿವರಣೆಗೆ ಸೇರಿಸಲು ಹೆಚ್ಚೇನೂ ಇಲ್ಲ. ಕೂತ ಭಂಗಿ, ಪುನರಾವರ್ತನೆ, ಮಾನಸಿಕ ಒತ್ತಡ, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಅವರ ದೊಡ್ಡತನ. ಆಮೇಲೆ ಬಂದವರು ಇವುಗಳನ್ನು ಬೇರೆ ಬೇರೆ ಮಾಡಿ, ಮೂರನೆಯದನ್ನು ಕಾರ್ಮಿಕನ ವಿರುದ್ಧವೇ ಬಳಸಿದರು.

ಅದಕ್ಕೆ ತಂತಿ ಕಚೇರಿಗಳ ಕಥೆ ಒಳ್ಳೆಯ ನಿದರ್ಶನ. ಮೋರ್ಸ್ ಕೀಲಿಯನ್ನು ದಿನವಿಡೀ ಬಡಿಯುತ್ತಿದ್ದವರ ಕೈ ಸೆಟೆದು ಮಾತು ಕೇಳದಂತಾಗುವುದನ್ನು 19ನೇ ಶತಮಾನದ ವೈದ್ಯರು ಗಮನಿಸಿದ್ದರು. ಬ್ರಿಟನ್ನಿನ 1906ರ ಪರಿಹಾರ ಕಾಯ್ದೆ ಮೊದಲ ಬಾರಿಗೆ ಆರು ಔದ್ಯೋಗಿಕ ಕಾಯಿಲೆಗಳನ್ನು ಪಟ್ಟಿ ಮಾಡಿತ್ತು. ಸೀಸ, ಪಾದರಸ, ರಂಜಕ, ಆರ್ಸೆನಿಕ್‌ಗಳ ವಿಷಬಾಧೆ, ಆಂಥ್ರಾಕ್ಸ್ ಮತ್ತು ಕೊಕ್ಕೆಹುಳುವಿನ ಕಾಯಿಲೆ. 1908ರಲ್ಲಿ ತಂತಿಗಾರರ ಕೈಸೆಳೆತವೂ ಆ ಪಟ್ಟಿಗೆ ಸೇರಿತು. ಪರಿಹಾರಕ್ಕೆ ಅರ್ಹವೆಂದು ಕಾನೂನು ಒಪ್ಪಿದ ಕೂಡಲೇ ದೂರುಗಳು ಹೆಚ್ಚಿದವು. ಅಂಚೆ ಇಲಾಖೆ ನೇಮಿಸಿದ ಸಮಿತಿ 1911ರಲ್ಲಿ ವರದಿ ಕೊಟ್ಟು, ಪದೇ ಪದೇ ಆಗುವ ದಣಿವಿನ ಜೊತೆಗೆ ಕೆಲಸಗಾರರ ನರದೌರ್ಬಲ್ಯವೂ ಕಾರಣ ಎಂದಿತು. ಬಿಡುವಿಲ್ಲದ ಕೆಲಸದಷ್ಟೇ ಕೆಲಸಗಾರನ ಸ್ವಭಾವವನ್ನೂ ದೂರುವ ಈ ಧಾಟಿ ಅಲ್ಲಿಗೆ ನಿಲ್ಲಲಿಲ್ಲ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಕಚೇರಿಗಳಲ್ಲಿ ಕೈನೋವಿನ ದೂರುಗಳು ಅಲೆಯಂತೆ ಎದ್ದು, ಕೆಲವೇ ವರ್ಷಗಳಲ್ಲಿ ಇಳಿದವು. ಏರಿದ್ದು ಇಳಿದದ್ದೇ ಅದು ನಿಜವಾದ ಗಾಯವಲ್ಲ ಎಂಬುದಕ್ಕೆ ಸಾಕ್ಷಿ ಎಂದು ಒಂದು ಪಂಗಡದ ವೈದ್ಯರು ವಾದಿಸಿದರು. ಪರಿಹಾರದ ದಾರಿ ತೆರೆದಾಗ ಬಚ್ಚಿಟ್ಟ ನೋವು ಹೊರಬರುತ್ತದೆ, ಅರ್ಜಿ ಹಾಕಿದವರನ್ನು ಅವಮಾನಿಸಿದಾಗ ಅದೇ ನೋವು ಮತ್ತೆ ಒಳಗೆ ಹೋಗುತ್ತದೆ ಎಂಬ ಸರಳವಾದ ಸಾಧ್ಯತೆಗೆ ಆ ವಾದದಲ್ಲಿ ಜಾಗವೇ ಇರಲಿಲ್ಲ. 1993ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಪತ್ರಕರ್ತರೊಬ್ಬರ ದಾವೆಯನ್ನು ವಜಾ ಮಾಡುತ್ತಾ ನ್ಯಾಯಾಧೀಶ ಜಾನ್ ಪ್ರಾಸರ್, ಆರ್‌ಎಸ್‌ಐ ಎಂಬ ಪದಕ್ಕೆ ವೈದ್ಯಕೀಯ ಗ್ರಂಥಗಳಲ್ಲಿ ಜಾಗವಿಲ್ಲ ಎಂದರು. ಪದದ ಬಗ್ಗೆ ಅವರು ಹೇಳಿದ್ದರಲ್ಲಿ ಸ್ವಲ್ಪ ಹುರುಳಿದೆ. ಅಷ್ಟು ಸಡಿಲವಾದ ಹೆಸರು ರೋಗನಿರ್ಣಯವಾಗಲಾರದು. ಆದರೆ ಹೆಸರು ಸಡಿಲ ಎಂಬುದರಿಂದ ನೋವು ಸುಳ್ಳು ಎಂಬ ತೀರ್ಮಾನಕ್ಕೆ ಬರಲಾಗದು. ಇದೇ ಕಾರಣಕ್ಕೆ ಅರ್ಜಿಯಲ್ಲಿ ಆರ್‌ಎಸ್‌ಐ ಎಂದಷ್ಟೇ ಬರೆಸುವುದಕ್ಕಿಂತ ನಿರ್ದಿಷ್ಟ ಕಾಯಿಲೆಯ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳುವುದು ಇಂದಿಗೂ ಬಹಳ ಮುಖ್ಯ.

ಅಪಘಾತದ ಅಳತೆಗೆ ಹೊಲಿದ ಕಾನೂನು

ಜರ್ಮನಿಯ 1884ರ ಅಪಘಾತ ವಿಮಾ ಕಾಯ್ದೆ ಮತ್ತು ಬ್ರಿಟನ್ನಿನ 1897ರ ಕಾಯ್ದೆಗಳಿಂದ ಆರಂಭವಾದ ಪರಿಹಾರ ಪದ್ಧತಿಯ ತಿರುಳು ಒಂದು ರಾಜಿ. ತಪ್ಪು ಯಾರದೆಂದು ಕಾರ್ಮಿಕ ಸಾಬೀತು ಮಾಡಬೇಕಿಲ್ಲ. ಅದಕ್ಕೆ ಬದಲಾಗಿ ಅವನಿಗೆ ಸಿಗುವುದು ಕಾನೂನು ಗೊತ್ತುಮಾಡಿದ ಮಿತವಾದ ಮೊತ್ತ. ಗಾಯ ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ನಡೆದ ಅಪಘಾತದಿಂದ ಆಗಿರಬೇಕು ಎಂಬ ಬ್ರಿಟಿಷ್ ಸೂತ್ರ ಆ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ಭಾರತದ 1923ರ ಕಾಯ್ದೆಯಲ್ಲೂ ಅದೇ ಇತ್ತು. ಅದರ ಮೂರನೆಯ ಅನುಸೂಚಿಯಲ್ಲಿ ಹೆಸರಿಸಿದ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಕಾನೂನು ಗ್ರಹಿಸುತ್ತಿತ್ತು. ಹೆಸರಿಲ್ಲದ ಕಾಯಿಲೆಯಾದರೆ ಅದು ಒಂದು ನಿರ್ದಿಷ್ಟ ಅಪಘಾತದ ಗಾಯದಿಂದ ನೇರವಾಗಿ ಬಂದದ್ದೆಂದು ತೋರಿಸಬೇಕಿತ್ತು. ಅನುಸೂಚಿಯ ತುಂಬ ಇದ್ದದ್ದು ಹೆಚ್ಚಾಗಿ ಲೋಹ, ರಾಸಾಯನಿಕ, ದೂಳು, ಶಬ್ದಗಳಿಂದ ಬರುವ ಕಾಯಿಲೆಗಳು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಚೌಕಟ್ಟನ್ನು ಉಳಿಸಿಕೊಂಡಿದೆ. ಸವೆದ ಕೈಯವರು ಈ ಎರಡು ಬಾಗಿಲುಗಳ ನಡುವಿನ ಗೋಡೆಗೆ ಎದುರಾಗಿ ನಿಲ್ಲುತ್ತಾರೆ: ಪಟ್ಟಿಯಲ್ಲಿ ಹೆಸರಿಲ್ಲ, ತೋರಿಸಲು ಅಪಘಾತವಿಲ್ಲ.

ಪಟ್ಟಿಗೆ ಹೆಸರು ಸೇರಿಸುವುದು ಮೊದಲ ಉತ್ತರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮ್, ಮಣಿಕಟ್ಟಿನ ರಜ್ಜುಪೊರೆಯ ತೊಂದರೆ, ಮೊಣಕೈ ನೋವು, ಮೊಣಕಾಲೂರಿ ದುಡಿಯುವವರ ಮಂಡಿಯ ಬಾವು ಮುಂತಾದವನ್ನು ಬಿಡಿಬಿಡಿಯಾಗಿ ಹೆಸರಿಸಿದೆ. ಫ್ರಾನ್ಸ್ 1972ರಲ್ಲೇ ತನ್ನ 57ನೇ ಕೋಷ್ಟಕದಲ್ಲಿ ಇವನ್ನು ಸೇರಿಸಲು ಆರಂಭಿಸಿತು. ಇಂದು ಅಲ್ಲಿ ಮನ್ನಣೆ ಪಡೆಯುವ ಔದ್ಯೋಗಿಕ ಕಾಯಿಲೆಗಳಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಈ ಬಗೆಯವು. ಜರ್ಮನಿ ಕಾರ್ಪಲ್ ಟನಲ್ ತೊಂದರೆಯನ್ನು ಪಟ್ಟಿಗೆ ಸೇರಿಸಿದ್ದು 2015ರಲ್ಲಿ. ಗಡಿಯ ಆಚೀಚೆ ಒಂದೇ ಬಗೆಯ ಯಂತ್ರದ ಮುಂದೆ ಒಂದೇ ಬಗೆಯಲ್ಲಿ ದುಡಿದು ಒಂದೇ ಬಗೆಯಲ್ಲಿ ಕೈ ಕಳೆದುಕೊಂಡ ಇಬ್ಬರಲ್ಲಿ ಒಬ್ಬರಿಗೆ ಹಕ್ಕಾದದ್ದು ಇನ್ನೊಬ್ಬರಿಗೆ ದಶಕಗಳ ಕಾಲ ಏನೂ ಆಗಿರಲಿಲ್ಲ. ಕಾಯಿಲೆಗಳ ಪಟ್ಟಿಯನ್ನು ಬರೆಯುವುದು ವಿಜ್ಞಾನವೊಂದೇ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಟ್ಟಿಯೊಳಗೆ ಬಂದ ಮೇಲೂ ಷರತ್ತುಗಳಿರುತ್ತವೆ. ದಿನಾಂಕದ ಪ್ರಶ್ನೆ ಬೇರೆ ವೇಷದಲ್ಲಿ ಮರಳುವುದು ಅಲ್ಲಿ. ಫ್ರಾನ್ಸಿನಲ್ಲಿ ಕಾರ್ಪಲ್ ಟನಲ್ ತೊಂದರೆ ಕಾನೂನಿನ ಗ್ರಹಿಕೆಯ ಲಾಭ ಪಡೆಯಬೇಕಾದರೆ, ಅಪಾಯದ ಕೆಲಸ ನಿಲ್ಲಿಸಿದ 30 ದಿನಗಳೊಳಗೆ ವೈದ್ಯರು ಅದನ್ನು ಗುರುತಿಸಿರಬೇಕು. ವಿಶ್ರಾಂತಿಯಿಂದ ಸರಿಹೋದೀತೆಂದು ಕೆಲಸ ಬಿಟ್ಟು ಎರಡು ತಿಂಗಳು ಕಾದವರು ಆ ಅನುಕೂಲ ಕಳೆದುಕೊಂಡು, ಪ್ರಾದೇಶಿಕ ಸಮಿತಿಯ ಮುಂದೆ ಉದ್ದದ ದಾರಿ ಹಿಡಿಯಬೇಕಾಗುತ್ತದೆ. ಭುಜದ ರಜ್ಜುಗಳ ಕಾಯಿಲೆಗೆ 2011ರಲ್ಲಿ ಬಂದ ತಿದ್ದುಪಡಿ ಇನ್ನೂ ಬಿಗಿಯಾದದ್ದು. ತೋಳು ದೇಹದಿಂದ 60 ಡಿಗ್ರಿ ಎದ್ದ ಸ್ಥಿತಿಯಲ್ಲಿ ದಿನಕ್ಕೆ ಒಟ್ಟು ಎರಡು ಗಂಟೆ, ಇಲ್ಲವೇ 90 ಡಿಗ್ರಿಯಲ್ಲಿ ಒಂದು ಗಂಟೆ ದುಡಿದಿರಬೇಕು. ಗೋಡೆಗೆ ಬಣ್ಣ ಬಳಿಯುವವನ ಕೈಯಲ್ಲಿ ಕುಂಚವಿರುತ್ತದೆಯೇ ಹೊರತು ಕೋನಮಾಪಕವಿರುವುದಿಲ್ಲ.

ಬ್ರಿಟನ್ನಿನ ನಿಯಮ ಇದೇ ಬಗೆಯದು. ಕಂಪಿಸುವ ಯಂತ್ರ ಬಳಸದವರಿಗೂ ಕಾರ್ಪಲ್ ಟನಲ್ ತೊಂದರೆಯ ಪರಿಹಾರವನ್ನು 2007ರಲ್ಲಿ ವಿಸ್ತರಿಸಿದಾಗ, ವಾರಕ್ಕೆ ಕನಿಷ್ಠ 20 ಗಂಟೆ, ಕಾಯಿಲೆಗೆ ಮುಂಚಿನ 24 ತಿಂಗಳಲ್ಲಿ ಒಟ್ಟು 12 ತಿಂಗಳು, 30 ಸೆಕೆಂಡಿಗೆ ಒಮ್ಮೆಯಾದರೂ ಮಣಿಕಟ್ಟು ಹಿಂದೆ ಮುಂದೆ ಬಾಗಿರಬೇಕು ಎಂದು ಗೊತ್ತುಮಾಡಿದರು. ಅಷ್ಟಾದ ಮೇಲೂ ಅಂಗವೈಕಲ್ಯ ಸಾಮಾನ್ಯವಾಗಿ ಶೇ. 14 ಮುಟ್ಟಿದರೆ ಮಾತ್ರ ಹಣ. ಈ ಸಂಖ್ಯೆಗಳು ಮನಬಂದಂತೆ ಹುಟ್ಟಿದವಲ್ಲ, ಅವುಗಳ ಹಿಂದೆ ಅಧ್ಯಯನಗಳಿವೆ. 30 ಸೆಕೆಂಡಿನ ಅಳತೆಯನ್ನು ಮೇಲೆಯೇ ನೋಡಿದೆವು. ತೊಂದರೆ ಇರುವುದು ಅಳೆಯುವ ಕೆಲಸವನ್ನು ಯಾರ ಪಾಲಿಗೆ ಬಿಟ್ಟಿದ್ದಾರೆ ಎಂಬುದರಲ್ಲಿ.

ಜರ್ಮನಿಯಲ್ಲಿದ್ದ ಒಂದು ಷರತ್ತನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಜ್ಜುಪೊರೆಯ ಕಾಯಿಲೆಯೂ ಸೇರಿದಂತೆ ಕೆಲವು ಕಾಯಿಲೆಗಳಿಗೆ ಮನ್ನಣೆ ಬೇಕಾದರೆ, ಕಾರ್ಮಿಕ ಆ ಕಾಯಿಲೆಗೆ ಕಾರಣವಾದ ಕೆಲಸವನ್ನೇ ಬಿಟ್ಟಿರಬೇಕಿತ್ತು. ನೋವನ್ನು ನುಂಗಿಕೊಂಡು ಮನೆ ನಡೆಸಲು ಕೆಲಸಕ್ಕೆ ಹೋಗುತ್ತಿದ್ದವರಿಗೆ ಮನ್ನಣೆ ಸಿಗುತ್ತಿರಲಿಲ್ಲ. 2021ರ ಜನವರಿ 1ರಿಂದ ಈ ಷರತ್ತನ್ನು ತೆಗೆದುಹಾಕಿದರು. ಅಷ್ಟು ವರ್ಷ ಅದು ಉಳಿದದ್ದಕ್ಕೆ ಕಾರಣ, ನೋವು ನಿಜವಾಗಿದ್ದರೆ ಕೆಲಸ ಬಿಡುತ್ತಿದ್ದರು ಎಂಬ ಒಳಗಿನ ಅನುಮಾನವೇ ಇರಬೇಕು.

ಗಾಯಕ್ಕೆ ದಿನಾಂಕವಿಲ್ಲದಿದ್ದರೆ ಕಾನೂನೇ ಒಂದು ದಿನಾಂಕವನ್ನು ಗೊತ್ತುಮಾಡಬಹುದು, ಮತ್ತು ಅದನ್ನು ಮಾಡಿ ತೋರಿಸಿದ ಕಾನೂನುಗಳಿವೆ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆ ಒಟ್ಟುಗೂಡುತ್ತಾ ಬರುವ ಗಾಯ ಎಂಬ ಬೇರೆಯೇ ವರ್ಗವನ್ನು ಒಪ್ಪುತ್ತದೆ. ಅದರ ಪ್ರಕಾರ, ಕಾರ್ಮಿಕನಿಗೆ ಮೊದಲು ಅಸಾಮರ್ಥ್ಯ ಉಂಟಾಗಿ, ಅದು ಕೆಲಸದಿಂದ ಬಂದದ್ದೆಂದು ಅವನಿಗೆ ತಿಳಿದ ಅಥವಾ ತಿಳಿಯಬೇಕಾಗಿದ್ದ ದಿನವೇ ಗಾಯದ ದಿನ. ಕಾಲಮಿತಿಯ ಗಡಿಯಾರ ಓಡಲು ಶುರುವಾಗುವುದು ಅಂದಿನಿಂದ, ನೋವಿನ ಮೊದಲ ಸೆಳಕಿನಿಂದಲ್ಲ. ಹತ್ತು ವರ್ಷಗಳಲ್ಲಿ ನಾಲ್ಕು ಕಡೆ ದುಡಿದವರ ವಿಷಯದಲ್ಲಿ ಹೊಣೆ ಯಾರದು ಎಂಬ ಮುಗಿಯದ ಜಗಳಕ್ಕೂ ಅಲ್ಲಿ ಒಂದು ತಡೆ ಹಾಕಿದ್ದಾರೆ. ಸಾಮಾನ್ಯವಾಗಿ ಅಪಾಯಕ್ಕೆ ಒಡ್ಡಿಕೊಂಡ ಕೊನೆಯ ಒಂದು ವರ್ಷದ ಉದ್ಯೋಗದಾತರೇ ಹೊಣೆ ಹೊರಬೇಕು. ಕೊನೆಯವನ ತಲೆಗೆ ಹಿಂದಿನವರ ಪಾಪವೂ ಬೀಳುತ್ತದೆ ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. ಆದರೂ ಉದ್ಯೋಗದಾತರು ಮತ್ತು ವಿಮಾ ಸಂಸ್ಥೆಗಳು ತಮ್ಮೊಳಗೆ ಹಂಚಿಕೊಳ್ಳಬಹುದಾದ ಅನ್ಯಾಯ, ಒಬ್ಬ ಕಾರ್ಮಿಕ ಒಂಟಿಯಾಗಿ ಹೊರುವ ಅನ್ಯಾಯಕ್ಕಿಂತ ಚಿಕ್ಕದು.

ಇನ್ನೊಂದು ತೊಡಕು ದೇಹದ್ದೇ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು, ಬೊಜ್ಜು ಇವೆಲ್ಲವೂ ಕಾರ್ಪಲ್ ಟನಲ್ ತೊಂದರೆಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚು. ವಿಮಾ ಸಂಸ್ಥೆಯ ವೈದ್ಯರ ವರದಿ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಮನೆಗೆಲಸ, ಹೊಲಿಗೆ, ಮೊಬೈಲ್ ಬಳಕೆ, ವಯಸ್ಸು, ಒಂದೊಂದನ್ನೂ ಕೇಳಿ ಬರೆದುಕೊಂಡ ಮೇಲೆ ಕೆಲಸಕ್ಕೆ ಉಳಿಯುವ ಪಾಲು ಚಿಕ್ಕದಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲೂ 2004ರ ಸುಧಾರಣೆಯ ನಂತರ ಶಾಶ್ವತ ಅಸಾಮರ್ಥ್ಯದ ಪರಿಹಾರವನ್ನು ಕಾರಣಗಳ ಪಾಲಿಗೆ ತಕ್ಕಂತೆ ಕಡಿತ ಮಾಡುವುದು ನಡೆಯುತ್ತಿದೆ. ಏಣಿಯಿಂದ ಬಿದ್ದು ಕಾಲು ಮುರಿದವನಿಗೆ ಮೂಳೆ ಮೊದಲೇ ಎಷ್ಟು ಗಟ್ಟಿಯಿತ್ತು ಎಂದು ಇಷ್ಟು ಉತ್ಸಾಹದಿಂದ ಯಾರೂ ಕೇಳುವುದಿಲ್ಲ. ಕಾರಣಗಳು ಹಲವಿದ್ದಾಗ ಕೆಲಸ ಅವುಗಳಲ್ಲಿ ಗಣನೀಯವಾದ ಒಂದು ಎಂದು ತೋರಿದರೆ ಸಾಕು ಎಂಬ ಅಳತೆಗೂ, ಕೆಲಸವೇ ಪ್ರಧಾನ ಕಾರಣ ಎಂದು ತೋರಿಸಲೇಬೇಕೆಂಬ ಅಳತೆಗೂ ಕಾಗದದ ಮೇಲೆ ಒಂದು ಪದದ ವ್ಯತ್ಯಾಸವಷ್ಟೇ ಇದೆ. ಸಕ್ಕರೆ ಕಾಯಿಲೆಯಿರುವ ಹೊಲಿಗೆಯವಳಿಗೆ ಆ ಒಂದು ಪದವೇ ಎಲ್ಲವೂ.

ನರದ ಕಾಯಿಲೆಗಾದರೂ ವಿದ್ಯುತ್ ಹರಿಸಿ ನೋಡುವ ಪರೀಕ್ಷೆಯಿದೆ. ನರ ಸಂಕೇತವನ್ನು ಎಷ್ಟು ನಿಧಾನವಾಗಿ ಒಯ್ಯುತ್ತಿದೆ ಎಂಬುದು ಅಂಕಿಯಾಗಿ ಕಾಗದದ ಮೇಲೆ ಬರುತ್ತದೆ. ಮುಂಗೈಯಲ್ಲಿ ಹರಡಿದ, ಯಾವ ಪರೀಕ್ಷೆಗೂ ಸಿಗದ ನೋವಿನವರ ಗತಿ ಬೇರೆ. 1998ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ, ಬಹುಪಾಲು ಹೊತ್ತು ಬೆರಳಚ್ಚು ಮಾಡುತ್ತಿದ್ದ ಕಾರ್ಯದರ್ಶಿಯೊಬ್ಬರ ಪ್ರಕರಣ ಅಂಥದ್ದು. ಅದು ಪರಿಹಾರ ಯೋಜನೆಯ ಅರ್ಜಿಯಾಗಿರಲಿಲ್ಲ, ಉದ್ಯೋಗದಾತರ ನಿರ್ಲಕ್ಷ್ಯದ ವಿರುದ್ಧದ ದಾವೆಯಾಗಿತ್ತು. ಕೈಯ ಸೆಳೆತಕ್ಕೆ ದೈಹಿಕ ಕಾರಣವಿದೆ ಎಂದು ರುಜುವಾತು ಮಾಡುವ ಹೊಣೆ ಅವರದೇ ಆಗಿತ್ತು, ಅದು ಆಗಲಿಲ್ಲ ಎಂದು ಬಹುಮತದ ತೀರ್ಪು ಬಂದು ಅವರು ಸೋತರು. ಮನಸ್ಸಿನ ಬಿಗಿತ ಕೈಗೆ ಇಳಿಯುತ್ತದೆ ಎಂದು ರಾಮಜಿನಿ ಕಂಡದ್ದನ್ನು, ಮನಸ್ಸಿನದ್ದಾದರೆ ಕೆಲಸದ್ದಲ್ಲ ಎಂದು ತಿರುಗಿಸಿ ಓದುವ ಪದ್ಧತಿ ಇಲ್ಲಿಯೂ ಮುಂದುವರಿಯಿತು.

ಎಣಿಕೆ ಯಾರ ಕೈಯಲ್ಲಿದೆ?

ಈ ಗಾಯಗಳನ್ನು ತಡೆಯುವುದು ಹೇಗೆಂದು ಗೊತ್ತಿಲ್ಲದೆ ಇಲ್ಲ. ಜಪಾನ್ 1960ರ ದಶಕದಲ್ಲೇ ಪಂಚ್ ಕಾರ್ಡ್ ಯಂತ್ರದವರ, ಅಂದರೆ ಕಂಪ್ಯೂಟರಿಗೆ ಮಾಹಿತಿ ಕೊಡಲು ಕಾರ್ಡುಗಳಲ್ಲಿ ತೂತು ಕೊರೆಯುತ್ತಿದ್ದವರ, ದಿನದ ಕೆಲಸಕ್ಕೆ ಮಿತಿ ಮತ್ತು ಗಂಟೆಗೊಂದು ಬಿಡುವಿನ ಮಾರ್ಗಸೂಚಿ ತಂದಿತ್ತು. ಪರದೆಯ ಮುಂದಿನ ಕೆಲಸವನ್ನು ಆಗಾಗ ಬಿಡುವಿನಿಂದಲೋ ಬೇರೆ ಕೆಲಸದಿಂದಲೋ ತುಂಡರಿಸಬೇಕೆಂದು ಯೂರೋಪಿನ 1990ರ ನಿರ್ದೇಶನ ಹೇಳುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ನಿಯಮವೊಂದು ವರ್ಷಗಳ ತಯಾರಿಯ ನಂತರ 2000ದ ನವೆಂಬರಿನಲ್ಲಿ ಹೊರಬಂತು. 2001ರ ಮಾರ್ಚಿನಲ್ಲಿ ಸಂಸತ್ತು ಮತ್ತು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸೇರಿ ಅದನ್ನು ರದ್ದು ಮಾಡಿದರು. ವಾಷಿಂಗ್ಟನ್ ರಾಜ್ಯದ ಇಂಥದೇ ನಿಯಮವನ್ನು 2003ರಲ್ಲಿ ಮತದಾನದ ಮೂಲಕ ತೆಗೆದುಹಾಕಲಾಯಿತು. ಕ್ಯಾಲಿಫೋರ್ನಿಯಾದ 1997ರ ನಿಯಮ ಉಳಿದಿದೆ. ಆದರೆ ಅದು ಜಾರಿಗೆ ಬರುವುದು ಒಂದೇ ಬಗೆಯ ಕೆಲಸದಲ್ಲಿ 12 ತಿಂಗಳೊಳಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಗಾಯವಾಗಿದೆ ಎಂದು ವೈದ್ಯರು ಗುರುತಿಸಿದ ಮೇಲೆ. ಅಂದರೆ ಮೊದಲನೆಯವರ ಕೈ ಹೋದಾಗ ಅದು ಸುಮ್ಮನಿರುತ್ತದೆ.

ತಡೆಯುವ ನಿಯಮ ಇಷ್ಟು ದುರ್ಬಲವಾಗಿರುವಲ್ಲಿ ಪರಿಹಾರವೇ ಉಳಿದ ಒಂದು ಹಿಡಿತ, ಅದಕ್ಕೆ ದಾಖಲೆ ಬೇಕು. ನೋವು ಮೊದಲು ಕಂಡಾಗಲೇ ಬರಹದಲ್ಲಿ ತಿಳಿಸುವುದು, ಯಾವ ಚಲನೆಯನ್ನು ಗಂಟೆಗೆ ಎಷ್ಟು ಸಲ ಮಾಡುತ್ತೇವೆ ಎಂಬುದನ್ನು ವೈದ್ಯರ ಟಿಪ್ಪಣಿಯಲ್ಲಿ ಬರೆಸುವುದು, ರಜೆಯಲ್ಲಿ ನೋವು ತಗ್ಗಿ ಕೆಲಸಕ್ಕೆ ಮರಳಿದಾಗ ಏರಿದ್ದನ್ನು ದಿನಾಂಕಸಹಿತ ಗುರುತಿಟ್ಟುಕೊಳ್ಳುವುದು, ಇವು ಅರ್ಜಿಯ ಬಲವನ್ನು ನಿಜಕ್ಕೂ ಹೆಚ್ಚಿಸುತ್ತವೆ. ಕೆಲಸ ಕಳೆದುಕೊಳ್ಳುವ ಭಯವಿರುವವರು, ಗುತ್ತಿಗೆಯ ಮೇಲೆ ಇರುವವರು ಇದನ್ನು ಮಾಡುವುದಿಲ್ಲ ಎಂಬುದೂ ಅಷ್ಟೇ ನಿಜ. ಆ್ಯಪ್ ಮೂಲಕ ದುಡಿಯುವವರು ಹಲವು ಕಡೆ ಕಾನೂನಿನ ಕಣ್ಣಿಗೆ ನೌಕರರೇ ಅಲ್ಲ, ಆದ್ದರಿಂದ ಅವರಿಗೆ ಅರ್ಜಿ ಹಾಕುವ ಹಕ್ಕೇ ಹುಟ್ಟುವುದಿಲ್ಲ.

ಆದರೆ ಈ ಹೊಸ ಬಗೆಯ ಕೆಲಸದಲ್ಲೇ ಹಳೆಯ ತೊಡಕಿಗೆ ಒಂದು ಉತ್ತರವೂ ಅಡಗಿದೆ. ಗುಮಾಸ್ತನ ಕೈ ದಿನಕ್ಕೆ ಎಷ್ಟು ಸಲ ಆಡಿತೆಂದು ರಾಮಜಿನಿಯ ಕಾಲದಲ್ಲಿ ಎಣಿಸಿದವರಿರಲಿಲ್ಲ. ಇಂದು ಸರಕು ಕಟ್ಟುವ ಮೇಜಿನ ಸ್ಕ್ಯಾನರ್ ಪ್ರತಿ ಒತ್ತಿಗೂ ಸಮಯದ ಮುದ್ರೆ ಹಾಕುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಎರಡು ಒತ್ತುಗಳ ನಡುವೆ ಎಷ್ಟು ಸೆಕೆಂಡು ಬಿಡುವು ಎಂಬುದೆಲ್ಲ ಸರ್ವರಿನಲ್ಲಿ ಇರುತ್ತದೆ, ಮತ್ತು ನಿಧಾನವಾದವರನ್ನು ಎಚ್ಚರಿಸಲು ಅದನ್ನು ಬಳಸುತ್ತಾರೆ. ವಾರಕ್ಕೆ 20 ಗಂಟೆ, 30 ಸೆಕೆಂಡಿಗೊಮ್ಮೆ ಎಂಬಂಥ ಷರತ್ತುಗಳನ್ನು ರುಜುವಾತು ಮಾಡಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. 2022ರ ಜನವರಿಯಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಕಾನೂನೊಂದು, ದೊಡ್ಡ ಉಗ್ರಾಣಗಳ ಕಾರ್ಮಿಕರು ತಮ್ಮ ಕೆಲಸದ ಗುರಿಯ ವಿವರವನ್ನೂ ತಮ್ಮದೇ ವೇಗದ ಹಿಂದಿನ 90 ದಿನಗಳ ಅಂಕಿಗಳನ್ನೂ ಕೇಳಿ ಪಡೆಯಲು ಅವಕಾಶ ಕೊಟ್ಟಿದೆ. ಹತ್ತು ವರ್ಷಗಳಲ್ಲಿ ಸವೆದ ಕೈಗೆ 90 ದಿನಗಳ ದಾಖಲೆ ಸಾಲದು. ಆದರೂ ಇಷ್ಟು ಕಾಲ ಕಾರ್ಮಿಕನಿಂದ ಕೇಳುತ್ತಾ ಬಂದ ದಿನಾಂಕ ಮತ್ತು ಸಮಯ ಉದ್ಯೋಗದಾತರ ಬಳಿಯೇ ಇದೆ ಎಂದು ಒಂದು ಕಾನೂನಾದರೂ ಗುರುತಿಸಿದೆ. ಪರಿಹಾರ ಕೇಳಿ ಅರ್ಜಿ ಬಂದಾಗ ಆ ಇಡೀ ಲೆಕ್ಕವನ್ನು ಉದ್ಯೋಗದಾತರೇ ಹಾಜರುಪಡಿಸಬೇಕು, ಹಾಜರುಪಡಿಸದಿದ್ದರೆ ಕಾರ್ಮಿಕ ಹೇಳಿದ ವೇಗವನ್ನೇ ನಿಜವೆಂದು ಹಿಡಿಯಬೇಕು ಎಂಬುದು ಮುಂದಿನ ಹೆಜ್ಜೆ.